ಮನೆಮಂದಿಯ ಕಣ್ಣೆಲ್ಲ ತೋರಿಸಿದ್ರಿ, ನಿಮ್ಮದು?

ಸೂಜಿಗೆ ದಾರ ಪೋಣಿಸೋಕೆ ಮಗಳನ್ನು ಕರೀತಿದ್ದೀರಾ? ಅಕ್ಕಿ ಆರಿಸುವಾಗ ಮೊರ ಹಿಡಿದು ಬಾಗಿಲ ಬೆಳಕಿಗೆ ಬರ್ತಿದ್ದೀರಾ? ‘ನಲವತ್ತಾಯ್ತಲ್ಲ, ಇನ್ನು ಚಾಳೀಸೇ ಗತಿ’ ಅಂತ ಯಜಮಾನರ ಹಳೇ ಕನ್ನಡಕ ಹಾಕ್ಕೊಂಡು ಸುಮ್ಮನಾಗಬೇಡಿ.

ಮಗನಿಗೆ ಬೋರ್ಡ್ ಕಾಣ್ತಿಲ್ಲ ಅಂದ್ರೆ ಅದೇ ವಾರ ಡಾಕ್ಟರ್ ಹತ್ರ ಹೋಗ್ತೀರಿ. ಅತ್ತೆಗೆ ಪೊರೆ ಆಪರೇಷನ್ ಆದ್ರೆ ಹೊತ್ತು ತಪ್ಪದೆ ಡ್ರಾಪ್ಸ್ ಹಾಕ್ತೀರಿ. ನಿಮ್ಮ ಕಣ್ಣಿನ ಸರದಿ ಮಾತ್ರ ‘ಹಬ್ಬ ಆದ್ಮೇಲೆ ನೋಡೋಣ’.

ಕನ್ನಡಕದ ನಂಬರ್ ಬೇರೆ, ಕಣ್ಣಿನ ಪರೀಕ್ಷೆ ಬೇರೆ. ಗ್ಲಾಕೋಮಾ ಸಾಮಾನ್ಯವಾಗಿ ನೋವಿಲ್ಲದೆ, ಕಣ್ಣು ಕೆಂಪಾಗದೆ ಬರುತ್ತದೆ. ನೋಟ ಅಂಚಿನಿಂದ ಕ್ಷೀಣಿಸುವುದರಿಂದ ಎದುರಿಗಿರುವುದು ಚೆನ್ನಾಗೇ ಕಾಣುತ್ತಿರುತ್ತದೆ. ಒಮ್ಮೆ ಹೋದ ನೋಟ ಮತ್ತೆ ಬರುವುದಿಲ್ಲ. ಬೇಗ ಗೊತ್ತಾದರೆ ಉಳಿದದ್ದನ್ನು ಕಾಪಾಡಿಕೊಳ್ಳಬಹುದು. ಸಕ್ಕರೆ ಕಾಯಿಲೆಯೂ ಅಕ್ಷಿಪಟಲವನ್ನು ಹೀಗೇ ಸದ್ದಿಲ್ಲದೆ ಹಾಳುಮಾಡುತ್ತದೆ.

ಇಂಥದ್ದನ್ನು ಮೊದಲು ಗುರುತಿಸುವವರು ಎಷ್ಟೋ ಸಲ ಆಪ್ಟೋಮೆಟ್ರಿಸ್ಟ್. ಇವರು ನಂಬರ್ ತೆಗೆಯುತ್ತಾರೆ, ಕಣ್ಣಿನ ಒತ್ತಡ ಅಳೆಯುತ್ತಾರೆ, ಅನುಮಾನ ಬಂದರೆ ಕಣ್ಣಿನ ಡಾಕ್ಟರ ಬಳಿ ಕಳಿಸುತ್ತಾರೆ. ಆಪರೇಷನ್ ಮಾಡುವವರು ಡಾಕ್ಟರು. ಕನ್ನಡಕದ ಅಂಗಡಿಯಲ್ಲಿ ಕೂರುವ ಮುಂಚೆ ‘ಪರೀಕ್ಷೆ ಮಾಡೋರು ಏನು ಓದಿದ್ದಾರೆ?’ ಅಂತ ಕೇಳಿ, ಸಂಕೋಚ ಬೇಡ. ಪಿಯುಸಿ ವಿಜ್ಞಾನದ ನಂತರ ಓದುವ, ತರಬೇತಿಯೂ ಸೇರಿದ ಪದವಿ ಅದು. 2021ರ ಕೇಂದ್ರ ಕಾಯ್ದೆಯೊಂದು ಈ ವೃತ್ತಿಯನ್ನು ಆರೋಗ್ಯ ವೃತ್ತಿಗಳ ಪಟ್ಟಿಗೆ ಸೇರಿಸಿದೆ. ಮೆಡಿಕಲ್ ಸೀಟು ಸಿಗಲಿಲ್ಲವೆಂದು ಮುಖ ಬಾಡಿಸಿಕೊಂಡ ಮಗಳಿದ್ದರೆ ಈ ದಾರಿಯನ್ನೂ ತೋರಿಸಿ.

ನಮ್ಮ ಕಡೆಯವರಿಗೆ ದೂರದ ನೆಪವೂ ಇಲ್ಲ. ರಾಜಾಜಿನಗರದ ಕಾರ್ಡ್ ರೋಡಿನಲ್ಲಿ ನಾರಾಯಣ ನೇತ್ರಾಲಯವಿದೆ. ವಿಜಯನಗರ, ಕೆಂಗೇರಿಯಿಂದ ಮೆಟ್ರೋ ಇದೆ. ಖರ್ಚಿನ ಯೋಚನೆಯಾದರೆ 1896ರಲ್ಲಿ ಶುರುವಾದ ಸರ್ಕಾರಿ ಮಿಂಟೋ ಕಣ್ಣಿನ ಆಸ್ಪತ್ರೆಯಿದೆ.

ಇಷ್ಟು ನೆನಪಿಡಿ:

* ನಲವತ್ತಕ್ಕೆ ಒಮ್ಮೆ ಪೂರ್ತಿ ಪರೀಕ್ಷೆ. ಮುಂದೆ ಅವರು ಹೇಳಿದ ಅಂತರದಲ್ಲಿ.
* ಸಕ್ಕರೆ ಕಾಯಿಲೆಯಿದ್ದರೆ ಪ್ರತಿ ವರ್ಷ, ಕಣ್ಣು ಚೆನ್ನಾಗಿ ಕಂಡರೂ ಸರಿ.
* ಅಪ್ಪ, ಅಮ್ಮ, ಒಡಹುಟ್ಟಿದವರಿಗೆ ಗ್ಲಾಕೋಮಾ ಇದ್ದರೆ ನಲವತ್ತರವರೆಗೆ ಕಾಯಬೇಡಿ.
* ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿದರೆ ಕೆಲವು ಗಂಟೆ ಮಸುಕು. ಸ್ಕೂಟರ್ ಮನೆಯಲ್ಲೇ ಬಿಟ್ಟು, ಜೊತೆಗೊಬ್ಬರನ್ನು ಕರೆದೊಯ್ಯಿರಿ.
* ದಿಢೀರನೆ ಕಣ್ಣು ಮಂಜಾದರೆ, ಮಿಂಚು ಹೊಡೆದಂತಾದರೆ ಅವತ್ತೇ ಹೋಗಿ.

ಮಕ್ಕಳನ್ನು ಸ್ಕೂಲಿಗೆ ಕಳಿಸಿದ ಮೇಲೆ ಒಂದು ಬೆಳಿಗ್ಗೆ ಸಾಕು. ಕ್ಯಾಲೆಂಡರಿನಲ್ಲಿ ಗ್ಯಾಸ್ ಬುಕ್ ಮಾಡಿದ ತಾರೀಖಿನ ಪಕ್ಕದಲ್ಲೇ ನಿಮ್ಮ ಕಣ್ಣಿನ ತಾರೀಖನ್ನೂ ಇವತ್ತೇ ಬರೆದಿಡಿ.