ಮೈಸೂರು ಅರಸರು ಉಳಿಸಿದ ರಷ್ಯಾದ ಸಂಗೀತ

ನಮ್ಮ ಭಂಕೂರಿನ ಭಜನೆಯಲ್ಲಿ ಎಷ್ಟು ವಾದ್ಯ? ಹಾರ್ಮೋನಿಯಂ, ತಬಲಾ, ತಾಳ. ಬೆರಳಲ್ಲೇ ಎಣಿಸಬಹುದು. ಪಾಶ್ಚಾತ್ಯರ ದೊಡ್ಡ ವಾದ್ಯವೃಂದದಲ್ಲಿ ಎಂಬತ್ತು, ತೊಂಬತ್ತು ಮಂದಿ ಒಟ್ಟಿಗೆ ಕೂತು ನುಡಿಸುತ್ತಾರೆ, ಮಕ್ಕಳೇ. ಪಿಟೀಲಿನವರು ಮುಂದೆ, ಕೊಳಲಿನವರು ನಡುವೆ, ತುತ್ತೂರಿ, ನಗಾರಿಯವರು ಹಿಂದೆ. ಎದುರಿಗೆ ಸಣ್ಣ ಕೋಲು ಹಿಡಿದು ನಿಂತವರೇ ನಿರ್ದೇಶಕರು. ಏನನ್ನೂ ನುಡಿಸದವರು ಅವರೊಬ್ಬರೇ. ಆದರೆ ಎಲ್ಲರ ಕಣ್ಣೂ ಅವರ ಮೇಲೆ!

ಈ ಸಂಗೀತಕ್ಕೂ ಕನ್ನಡ ನಾಡಿಗೂ ಏನು ನಂಟು ಅಂತೀರಾ? ಕೇಳಿ.

ನಿಕೊಲಾಯ್ ಮೆಟ್ನರ್ 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದವರು. ಪಿಯಾನೊ ನುಡಿಸುವುದರಲ್ಲಿ ಎತ್ತಿದ ಕೈ. 1921ರಲ್ಲಿ ರಷ್ಯಾ ಬಿಟ್ಟರು, 1935ರಲ್ಲಿ ಲಂಡನ್ ಸೇರಿದರು. ವಯಸ್ಸಾಯಿತು, ಆರೋಗ್ಯ ಕೆಟ್ಟಿತು, ಅವರ ಸಂಗೀತ ಕೇಳುವವರೂ ಕಡಿಮೆಯಾದರು. ಆಗ ನೆರವಾದವರು ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್. ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಪಿಯಾನೊ ಕಲಿತಿದ್ದ ಅರಸರು ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನೂ ರಚಿಸಿದರು.

ಅರಸರು ಕೊಟ್ಟ ಹಣದಿಂದ ಮೆಟ್ನರ್ ತಮ್ಮ ಮೂರೂ ಪಿಯಾನೊ ಕನ್ಸರ್ಟೊಗಳನ್ನು 1947ರಲ್ಲಿ ಲಂಡನ್‌ನ ಫಿಲ್‌ಹಾರ್ಮೋನಿಯಾ ವಾದ್ಯವೃಂದದ ಜೊತೆ ತಾವೇ ನುಡಿಸಿ ಗ್ರಾಮಫೋನ್ ತಟ್ಟೆಗೆ ಏರಿಸಿದರು. ಮೂರನೆಯದನ್ನು ಅರಸರಿಗೇ ಅರ್ಪಿಸಿದರು. 1951ರಲ್ಲಿ ಅವರು ತೀರಿಕೊಂಡರು. ನಾಲ್ಕು ವರ್ಷ ತಡವಾಗಿದ್ದರೆ ಈ ಮೂರು ಕನ್ಸರ್ಟೊಗಳು ಆ ಬೆರಳುಗಳಿಂದ ನಮಗೆ ಸಿಗುತ್ತಿರಲಿಲ್ಲ.

ಹಂಗೇರಿಯಲ್ಲಿ ಇನ್ನೊಂದು ಬಗೆ. ಬೇಲಾ ಬಾರ್ಟೋಕ್ ಮತ್ತು ಜೋಲ್ತಾನ್ ಕೊಡಾಯ್ ಎಂಬ ಗೆಳೆಯರು ಸುಮಾರು 120 ವರ್ಷಗಳ ಹಿಂದೆ ಫೋನೋಗ್ರಾಫ್ ಹೊತ್ತು ಹಳ್ಳಿ ಹಳ್ಳಿ ತಿರುಗಿದರು. ಹೊಲದವರು, ಮುದುಕಿಯರು ಹಾಡಿದ್ದನ್ನು ಮೇಣದ ಉರುಳೆಯ ಮೇಲೆ ಹಿಡಿದಿಟ್ಟರು. ಹಾಡಿದ್ದು ಯಾರು, ಯಾವ ಊರು, ಯಾವ ದಿನ ಎಂದು ಬರೆದುಕೊಂಡರು. ಆ ಹಳ್ಳಿಯ ಹಾಡುಗಳೇ ಅವರ ದೊಡ್ಡ ಕೃತಿಗಳಿಗೆ ಬೀಜವಾದವು.

ನಮ್ಮಲ್ಲೂ ಬೀಸುವ ಕಲ್ಲಿನ ಪದ ಬಲ್ಲ ಅಜ್ಜಿಯರಿದ್ದಾರೆ. ಹಿಟ್ಟಿನ ಗಿರಣಿ ಬಂದ ಮೇಲೆ ಕಲ್ಲು ಮೂಲೆ ಸೇರಿತು. ಪದಗಳು ಅವರ ನೆನಪಿನಲ್ಲಷ್ಟೇ ಉಳಿದಿವೆ. ಅದನ್ನು ಉಳಿಸಲು ಅರಸರ ಖಜಾನೆ ಬೇಡ, ಮನೆಯ ಮೊಬೈಲ್ ಸಾಕು.

ಈ ವಾರದ ಕೆಲಸ: ಅಜ್ಜಿಯ ಹತ್ತಿರ ಕೂತು ಒಂದು ಪದ ಹಾಡಿಸಿ, ರೆಕಾರ್ಡ್ ಮಾಡಿ. ಅವರ ಹೆಸರು, ಊರು, ದಿನಾಂಕ ಬರೆದಿಡಿ. ಅಜ್ಜಿಯರೇ, ದನಿ ನಡುಗುತ್ತದೆಂದು ಸಂಕೋಚ ಬೇಡ. ಮೊಮ್ಮಕ್ಕಳಿಗೆ ಬೇಕಾದದ್ದು ಆ ದನಿಯೇ.