ರೆಕ್ಕೆಯ ಬಿಡಿಭಾಗ ಮತ್ತು ತಪಾಸಣೆಯ ಬೆಲೆ

ವಿಮಾನದ ರೆಕ್ಕೆಯ ಮುಂಭಾಗದ ಅಂಚಿನಲ್ಲಿ ಸ್ಲ್ಯಾಟ್ ಎಂಬ ಚಲಿಸುವ ಫಲಕಗಳಿರುತ್ತವೆ. ವಿಮಾನ ಮೇಲೇರುವಾಗಲೂ ಇಳಿಯುವಾಗಲೂ ಇವು ಮುಂದಕ್ಕೆ ಚಾಚಿಕೊಂಡು, ಕಡಿಮೆ ವೇಗದಲ್ಲಿಯೂ ರೆಕ್ಕೆಗೆ ಸಾಕಷ್ಟು ಎತ್ತುವ ಬಲವನ್ನು ಒದಗಿಸುತ್ತವೆ. ಈ ಫಲಕಗಳು ಜಾರುವ ಹಳಿಗಳೇ ಸ್ಲ್ಯಾಟ್ ಟ್ರ್ಯಾಕ್‌ಗಳು. 2019ರ ಜೂನ್‌ನಲ್ಲಿ ಅಮೆರಿಕದ ಫೆಡರಲ್ ವಿಮಾನಯಾನ ಆಡಳಿತವು ಬೋಯಿಂಗ್ 737 ವಿಮಾನಗಳ ಕೆಲವು ಸ್ಲ್ಯಾಟ್ ಟ್ರ್ಯಾಕ್‌ಗಳು ಸರಿಯಾದ ವಿಧಾನದಲ್ಲಿ ತಯಾರಾಗಿಲ್ಲದಿರಬಹುದೆಂದು ಪ್ರಕಟಿಸಿತು. ಹತ್ತು ದಿನಗಳೊಳಗೆ ಅವುಗಳನ್ನು ಪತ್ತೆಹಚ್ಚಿ ತೆಗೆಯಬೇಕೆಂಬ ಕಡ್ಡಾಯ ಕ್ರಮವನ್ನೂ ಘೋಷಿಸಿತು.

ಅಂದು ಪ್ರಕಟವಾದ ಅಂಕಿಗಳನ್ನು ವ್ಯಾಪಾರಿಯ ದೃಷ್ಟಿಯಿಂದ ನೋಡುವುದು ಉಚಿತ. ಶಂಕಿತ ಭಾಗಗಳು ಹೆಚ್ಚೆಂದರೆ 148. ಅವು ಬೋಯಿಂಗ್‌ನ ಕೆಳಹಂತದ ಉಪಪೂರೈಕೆದಾರ ಘಟಕವೊಂದರಿಂದ ಬಂದವು. ಆದರೆ ಅವು ಅಳವಡಿಕೆಯಾಗಿರಬಹುದೆಂದು ಗುರುತಿಸಲಾದ ವಿಮಾನಗಳು ವಿಶ್ವಾದ್ಯಂತ 312: 133 ಎನ್‌ಜಿ ಮಾದರಿಯವು, 179 ಮ್ಯಾಕ್ಸ್ ಮಾದರಿಯವು. ಒಂದೊಂದು ವಿಮಾನದಲ್ಲಿ ಒಂದೊಂದೇ ಭಾಗವಿದ್ದಿತೆಂದು ಭಾವಿಸಿದರೂ, ಕನಿಷ್ಠ 164 ವಿಮಾನಗಳಲ್ಲಿ ದೋಷವಿರಲು ಸಾಧ್ಯವೇ ಇರಲಿಲ್ಲ. ಯಾವ ಭಾಗ ಯಾವ ವಿಮಾನ ಸೇರಿತೆಂಬ ಮಾಹಿತಿ ಖಚಿತವಾಗಿಲ್ಲದಿದ್ದರೆ ತಪಾಸಣೆಯ ಹೊರೆ ಹೇಗೆ ಬೆಳೆಯುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ದೋಷದ ಮೂಲವೂ ನಮ್ಮ ಉದ್ದಿಮೆದಾರರಿಗೆ ಅಪರಿಚಿತವಲ್ಲ. ಕ್ಯಾಡ್ಮಿಯಂ-ಟೈಟಾನಿಯಂ ಲೇಪನದ ವೇಳೆ ಲೋಹವು ಹೈಡ್ರೋಜನ್ ಹೀರಿಕೊಂಡು ದುರ್ಬಲವಾಗಿತ್ತೆಂದು ಅದೇ ಆಡಳಿತವು ಮುಂದೆ ತಿಳಿಸಿತು. ಅತ್ಯಧಿಕ ಬಲದ ಉಕ್ಕಿಗೆ ಪ್ಲೇಟಿಂಗ್ ಮಾಡಿದ ನಂತರ ಹಲವು ಗಂಟೆಗಳ ಕಾಲ ಓವನ್‌ನಲ್ಲಿ ಕಾಯಿಸಿ ಹೈಡ್ರೋಜನ್ನನ್ನು ಹೊರಹಾಕುವುದು ಕ್ರಮ. ಇಲ್ಲದಿದ್ದರೆ ಕಣ್ಣಿಗೆ ನುಣುಪಾಗಿ ಕಾಣುವ ಭಾಗವೇ ಭಾರ ಬಿದ್ದಾಗ ಬಿರುಕು ಬಿಡಬಹುದು. ಇದನ್ನು ಪರೀಕ್ಷಿಸಲು ಗೀರು ಹಾಕಿದ ಮಾದರಿ ತುಂಡುಗಳನ್ನು 200 ಗಂಟೆಗಳ ಕಾಲ ಭಾರದಡಿ ಇರಿಸುವ ಪದ್ಧತಿಯಿದೆ.

200 ಗಂಟೆಗಳೆಂದರೆ ಎಂಟು ದಿನಗಳಿಗೂ ಹೆಚ್ಚು. ಅಷ್ಟು ದಿನ ಸಿದ್ಧ ಸರಕು ಗೋದಾಮಿನಲ್ಲಿ ಕುಳಿತಿರುತ್ತದೆ, ದುಡಿಯುವ ಬಂಡವಾಳಕ್ಕೆ ಬ್ಯಾಂಕಿನ ಬಡ್ಡಿ ಬೆಳೆಯುತ್ತಿರುತ್ತದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯಿದೆಯು ಖರೀದಿದಾರನಿಗೆ ವಿಧಿಸಿರುವ 45 ದಿನಗಳ ಪಾವತಿ ಮಿತಿಯಾದರೋ ಸರಕನ್ನು ಸ್ವೀಕರಿಸಿದ ದಿನದಿಂದ ಆರಂಭವಾಗುತ್ತದೆ. ಪರೀಕ್ಷೆಯ ಕಾಲ ಅದರ ಲೆಕ್ಕಕ್ಕೆ ಬರುವುದಿಲ್ಲ. ಹೀಗಿರುವಾಗ ಎಲ್ಲವನ್ನೂ ಒಳಗೊಂಡ ಒಂದೇ ದರವನ್ನು ನಮೂದಿಸಿ ಆರ್ಡರ್ ಪಡೆದ ಘಟಕವು, ಖರೀದಿದಾರನು ಚೌಕಾಸಿಗೆ ನಿಂತಾಗ ಯಾವ ವೆಚ್ಚಕ್ಕೆ ಕತ್ತರಿ ಹಾಕೀತು? ಉಕ್ಕಿನ ಬೆಲೆಯನ್ನು ಇಳಿಸಲಾಗದು, ಕೂಲಿಯನ್ನು ಇಳಿಸಲಾಗದು. ಬಿಲ್ಲಿನಲ್ಲಿ ಕಾಣದ ಪರೀಕ್ಷೆಯೇ ಮೊದಲು ಸೊರಗುತ್ತದೆ.

ಆದ್ದರಿಂದ ತಪಾಸಣೆಯ ವೆಚ್ಚವನ್ನು ಕೊಟೇಷನ್‌ನಲ್ಲಿ ಪ್ರತ್ಯೇಕ ಬಾಬತ್ತಾಗಿ ತೋರಿಸಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಮಾದರಿ ತುಂಡು, ಓವನ್ನಿನ ವಿದ್ಯುತ್ತು, ಸರಕು ತಡೆದ ದಿನಗಳ ಬಡ್ಡಿ, ದಾಖಲೆ ಕಾಯ್ದಿಡುವ ಖರ್ಚು, ಇವೆಲ್ಲವೂ ಅದರಲ್ಲಿ ಸೇರಬೇಕು. ಗುಣಮಟ್ಟ ದರದಲ್ಲೇ ಅಡಕವಲ್ಲವೇ ಎಂದು ಖರೀದಿದಾರರು ಆಕ್ಷೇಪಿಸುವುದುಂಟು. ಅಡಕವಾಗಿದ್ದರೆ ಅದನ್ನು ತೋರಿಸುವುದರಿಂದ ಯಾರಿಗೂ ನಷ್ಟವಿಲ್ಲ. ತೋರಿಸಿದ ವೆಚ್ಚವನ್ನು ಕಡಿಮೆ ಮಾಡೆಂದು ಕೇಳುವವನು ಯಾವ ಪರೀಕ್ಷೆ ಬೇಡವೆಂಬುದನ್ನೂ ಬರಹದಲ್ಲಿ ಹೇಳಬೇಕಾಗುತ್ತದೆ. ಹಾಗೆ ಬರೆದುಕೊಡುವವರು ವಿರಳ.

ಹೊಣೆ ಮೇಲಿನವರದೆಂಬ ಸಮಾಧಾನವೂ ಸಲ್ಲದು. ಪೂರೈಕೆದಾರರ ಮೇಲೆ ಸಮರ್ಪಕ ನಿಗಾ ಇಡಲಿಲ್ಲವೆಂಬ ಆರೋಪದ ಮೇಲೆ ಆಡಳಿತವು ಬೋಯಿಂಗ್‌ಗೆ 2019ರ ಡಿಸೆಂಬರ್‌ನಲ್ಲಿ ಸುಮಾರು 39 ಲಕ್ಷ ಡಾಲರ್, 2020ರ ಜನವರಿಯಲ್ಲಿ ಸುಮಾರು 54 ಲಕ್ಷ ಡಾಲರ್ ದಂಡವನ್ನು ಪ್ರಸ್ತಾಪಿಸಿತು ನಿಜ. ಆದರೆ ದಂಡ ಮೇಲೆ ಬಿದ್ದರೂ ಕರಾರಿನ ನಷ್ಟಭರ್ತಿ ಷರತ್ತುಗಳ ಮೂಲಕ ಅದರ ಭಾರ ಕೆಳಗಿನ ಘಟಕದವರೆಗೂ ಇಳಿಯಬಹುದು. ಸಾಮಾನ್ಯ ಉತ್ಪನ್ನ ಹೊಣೆಗಾರಿಕೆ ವಿಮೆಯಲ್ಲಿ ವಿಮಾನದ ಭಾಗಗಳನ್ನು ಹೊರತುಪಡಿಸುವುದು ರೂಢಿಯಲ್ಲಿದೆ. ಸಹಿ ಹಾಕುವ ಮುನ್ನ ಕರಾರು ಮತ್ತು ಪಾಲಿಸಿ ಎರಡನ್ನೂ ಜೊತೆಗಿಟ್ಟು ಓದತಕ್ಕದ್ದು.

ಇದು ದೂರದೇಶದ ಸಂಗತಿಯೆಂದು ನಮ್ಮ ರಾಜ್ಯದ ಉದ್ದಿಮೆದಾರರು ಕಡೆಗಣಿಸುವಂತಿಲ್ಲ. ಏರ್‌ಬಸ್ ವಿಮಾನಗಳ ರೆಕ್ಕೆಯ ಫ್ಲ್ಯಾಪ್ ಟ್ರ್ಯಾಕ್ ಬೀಮ್‌ಗಳನ್ನು ಬೆಂಗಳೂರಿನ ಡೈನಮ್ಯಾಟಿಕ್ ಟೆಕ್ನಾಲಜೀಸ್ ತಯಾರಿಸುತ್ತಿದೆ. ಬೆಳಗಾವಿಯ ವಿಶೇಷ ಆರ್ಥಿಕ ವಲಯದಲ್ಲಿ ವಿಮಾನದ ಭಾಗಗಳ ಯಂತ್ರಕಾರ್ಯವೂ ಮೇಲ್ಮೈ ಸಂಸ್ಕರಣೆಯೂ ನಡೆಯುತ್ತಿವೆ. ಈ ಸರಪಳಿಯಲ್ಲಿ ಜಾಬ್ ವರ್ಕ್ ಹಿಡಿಯಬಯಸುವ ಸಣ್ಣ ಘಟಕಗಳು ಮೊದಲು ಬ್ಯಾಚ್ ರಿಜಿಸ್ಟರನ್ನು ನಗದು ಪುಸ್ತಕದಷ್ಟೇ ಶಿಸ್ತಿನಿಂದ ಬರೆಯುವ ಪರಿಪಾಠ ಬೆಳೆಸಿಕೊಳ್ಳಲಿ. ಯಾವ ಭಾಗ, ಯಾವ ದಿನ, ಯಾವ ಓವನ್, ಎಷ್ಟು ಗಂಟೆ, ಯಾರಿಗೆ ರವಾನೆ ಎಂಬ ಐದು ನಮೂದುಗಳು ಸರಿಯಾಗಿದ್ದಲ್ಲಿ, ದೋಷ ಕಂಡ ದಿನ ಹುಡುಕಬೇಕಾದದ್ದು ಆ ಒಂದು ಬ್ಯಾಚನ್ನು ಮಾತ್ರ. ಅವು ಇಲ್ಲವಾದಲ್ಲಿ ಘಟಕದಿಂದ ಹೊರಬಿದ್ದ ಸರಕೆಲ್ಲವೂ ಶಂಕಿತವೇ.