ವಿದೇಶಕ್ಕೆ ಹೊರಟಿದ್ದೀರಾ? ಸಿಮ್ ತೆಗೆದಿಡಬೇಡಿ, ಡೇಟಾ ರೋಮಿಂಗ್ ಆಫ್ ಮಾಡಿ

ಕೋಲಾರ: ಉಮ್ರಾಕ್ಕೆ ಹೋಗುವವರು, ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆ ಹೊರಡುವ ತಾಯಂದಿರು, ದುಬೈ, ಕತಾರ್‌ಗೆ ಕೆಲಸಕ್ಕೆ ಹೋಗುವ ಹುಡುಗರು, ನಾಲ್ಕು ದಿನ ಸಿಂಗಪುರ ನೋಡಿ ಬರೋಣ ಅನ್ನುವ ಅಂಗಡಿ ಮಾಲೀಕರು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಲ್ಲಿ ಕೇಳಿದರೂ ಇಂಥವರು ಈಗ ಸಿಗುತ್ತಾರೆ. ವೀಸಾ, ಟಿಕೆಟ್, ಲಗೇಜಿಗೆ ತಿಂಗಳ ಮೊದಲೇ ತಯಾರಿ ನಡೆಯುತ್ತೆ. ಮೊಬೈಲ್ ವಿಷಯ ಮಾತ್ರ ಹೊರಡುವ ಹಿಂದಿನ ದಿನ ನೆನಪಾಗುತ್ತೆ.

ಆಗ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ: "ರೋಮಿಂಗ್ ಅಂದ್ರೆ ಸಾವಿರಾರು ರೂಪಾಯಿ ಬಿಲ್ ಬರುತ್ತೆ. ನಮ್ಮ ಸಿಮ್ ತೆಗೆದು ಮನೇಲಿಟ್ಟು ಹೋಗಿ, ಅಲ್ಲಿ ಬೇರೆ ಸಿಮ್ ತಗೊಳ್ಳಿ." ಹತ್ತು ವರ್ಷದ ಹಿಂದೆ ಈ ಮಾತು ಸರಿಯಿತ್ತು. ಇವತ್ತು ಇದನ್ನು ಕೇಳಿದರೆ ರೋಮಿಂಗ್ ಬಿಲ್‌ಗಿಂತ ದೊಡ್ಡ ನಷ್ಟ ಆಗಬಹುದು. ಯಾಕಂದ್ರೆ ಈಗ ಮೊಬೈಲ್ ನಂಬರ್ ಬರೀ ಮಾತಾಡೋಕೆ ಇರುವುದಲ್ಲ. ಬ್ಯಾಂಕ್, ಯುಪಿಐ, ಆಧಾರ್, ಗ್ಯಾಸ್, ಜಿಎಸ್‌ಟಿ ಎಲ್ಲದರ ಒಟಿಪಿ ಬರುವುದು ಅದೇ ನಂಬರಿಗೆ.

ನಂಗಲಿ ದಾಟಿದರೆ ರೋಮಿಂಗ್ ಇದ್ದ ಕಾಲ

ಗಡಿ ಜಿಲ್ಲೆಯವರಾದ ನಮಗೆ ರೋಮಿಂಗ್ ಹೊಸದಲ್ಲ. ನಂಗಲಿ ದಾಟಿ ಪಲಮನೇರು ಕಡೆ ಹೋದರೆ, ಮಾಲೂರಿನಿಂದ ಹೊಸೂರಿಗೆ ಹೋದರೆ, ಟೊಮೆಟೊ ಲೋಡ್ ಜೊತೆ ಮದನಪಲ್ಲಿ ಮಾರುಕಟ್ಟೆಗೆ ಹೋದರೆ ಫೋನ್ ರೋಮಿಂಗ್‌ಗೆ ಬೀಳುತ್ತಿತ್ತು. ಬಂದ ಕಾಲ್ ಎತ್ತಿದರೂ ಕರೆನ್ಸಿ ಕಟ್ ಆಗುತ್ತಿತ್ತು. ಗಡಿ ಊರುಗಳಲ್ಲಿ ಮನೆಯೊಳಗೆ ಕೂತಿದ್ದರೂ ಪಕ್ಕದ ರಾಜ್ಯದ ಟವರ್ ಹಿಡಿದು ದುಡ್ಡು ಹೋಗುತ್ತಿದ್ದದ್ದು ಹಳಬರಿಗೆ ನೆನಪಿರುತ್ತೆ.

2015ರ ಮೇ 1ರಿಂದ ಟ್ರಾಯ್ ದೇಶದೊಳಗಿನ ರೋಮಿಂಗ್‌ನಲ್ಲಿ ಒಳಬರುವ ಕರೆಯ ಗರಿಷ್ಠ ದರವನ್ನು ನಿಮಿಷಕ್ಕೆ 75 ಪೈಸೆಯಿಂದ 45 ಪೈಸೆಗೆ ಇಳಿಸಿತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ, ದೇಶದೊಳಗೆ ರೋಮಿಂಗ್ ಶುಲ್ಕವೇ ಇಲ್ಲ ಅಂತ ಹೇಳಿಕೊಂಡೇ ಬಂತು. ಪೈಪೋಟಿಗೆ ಏರ್‌ಟೆಲ್ ಕೂಡ 2017ರ ಏಪ್ರಿಲ್ 1ರಿಂದ ಅದನ್ನು ತೆಗೆಯಿತು. ಅಲ್ಲಿಗೆ ನಂಗಲಿ ಗಡಿಯ ರೋಮಿಂಗ್ ಕಥೆ ಮುಗಿಯಿತು.

ಹೊರದೇಶದ್ದು ಯಾಕೆ ಇಳಿಯಲಿಲ್ಲ?

ದೇಶದೊಳಗೆ ಟ್ರಾಯ್ ಒಂದು ಮಾತು ಹೇಳಿದರೆ ಎಲ್ಲ ಕಂಪನಿಗಳೂ ಕೇಳಬೇಕು. ಸೌದಿ ಅಥವಾ ಅಮೆರಿಕದ ಕಂಪನಿ ಟ್ರಾಯ್ ಮಾತು ಕೇಳಬೇಕಿಲ್ಲ. ನೀವು ಜೆಡ್ಡಾದಲ್ಲಿ ಇಳಿದು ನಮ್ಮ ಸಿಮ್ ಆನ್ ಮಾಡಿದರೆ, ಅದು ಅಲ್ಲಿನ ಕಂಪನಿಯ ಟವರ್ ಬಳಸುತ್ತೆ. ಆ ಬಾಡಿಗೆಯನ್ನು ನಮ್ಮ ಕಂಪನಿ ಅಲ್ಲಿನ ಕಂಪನಿಗೆ ಕೊಟ್ಟು, ಅದರ ಮೇಲೆ ತನ್ನ ಲಾಭ ಸೇರಿಸಿ ನಿಮ್ಮಿಂದ ವಸೂಲು ಮಾಡುತ್ತೆ. ಬಾಡಿಗೆ ಎಷ್ಟು ಅನ್ನೋದು ಎರಡು ಕಂಪನಿಗಳ ನಡುವಿನ ಒಪ್ಪಂದ.

ಕೋಲಾರದಿಂದ ಯಾರಾದರೂ ನಿಮ್ಮ ನಂಬರಿಗೆ ಫೋನ್ ಮಾಡಿದರೆ ಅವರಿಗೆ ಮಾಮೂಲಿ ದರವೇ. ಆದರೆ ಆ ಕರೆ ಇಲ್ಲಿಂದ ಜೆಡ್ಡಾವರೆಗೆ ಹೋಗುವ ಖರ್ಚು ನಿಮ್ಮ ತಲೆಗೆ. ಅದಕ್ಕೇ ಹೊರದೇಶದಲ್ಲಿ ಕಾಲ್ ಎತ್ತಿದರೂ ದುಡ್ಡು ಹೋಗೋದು.

ಯುರೋಪ್ ಒಕ್ಕೂಟದಲ್ಲಿ ಇದಕ್ಕೆ ದಾರಿ ಸಿಕ್ಕಿತು. ಅಲ್ಲಿ ಎಲ್ಲ ದೇಶಗಳಿಗೂ ಅನ್ವಯಿಸುವ ಕಾನೂನು ಮಾಡುವ ವ್ಯವಸ್ಥೆ ಇದೆ. ಹಾಗಾಗಿ 2017ರ ಜೂನ್ 15ರಿಂದ ಒಂದು ಸದಸ್ಯ ದೇಶದ ಸಿಮ್ಮನ್ನು ಇನ್ನೊಂದರಲ್ಲಿ ಊರಿನ ದರಕ್ಕೇ ಬಳಸಬಹುದು. ಭಾರತಕ್ಕೂ ಕೊಲ್ಲಿ ದೇಶಗಳಿಗೂ ನಡುವೆ ಅಂಥ ವ್ಯವಸ್ಥೆ ಇಲ್ಲ. ಹಾಗಾಗಿ ಉಳಿಸಿಕೊಳ್ಳುವ ಕೆಲಸ ಗ್ರಾಹಕರದ್ದೇ.

ಬಿಲ್ ಬೆಳೆಯೋದು ಡೇಟಾದಲ್ಲಿ

ಒಂದು ಲೆಕ್ಕ ನೋಡಿ. ಪ್ಯಾಕ್ ಇಲ್ಲದೆ ಡೇಟಾ ಬಳಸಿದರೆ ಒಂದು ಎಂಬಿಗೆ 3 ರೂಪಾಯಿ ಅಂತ ಉದಾಹರಣೆಗೆ ಇಟ್ಟುಕೊಳ್ಳೋಣ. ಗ್ರೂಪಿಗೆ ಬಂದ 20 ಎಂಬಿ ಮದುವೆ ವಿಡಿಯೊಗೆ 60 ರೂಪಾಯಿ. ಊರಿನಲ್ಲಿ ದಿನಕ್ಕೆ ಒಂದೂವರೆ ಜಿಬಿ ಖಾಲಿ ಮಾಡುವ ಅಭ್ಯಾಸ ಇದ್ದವರು ಅಷ್ಟನ್ನೇ ಅಲ್ಲಿ ಬಳಸಿದರೆ 1,536 ಎಂಬಿ, ಅಂದರೆ ದಿನಕ್ಕೆ 4,608 ರೂಪಾಯಿ. ಅದರ ಮೇಲೆ ಶೇ 18ರಷ್ಟು ಜಿಎಸ್‌ಟಿ.

ಇಲ್ಲಿ ನೀವು ಏನೂ ಮಾಡಬೇಕಾಗಿಲ್ಲ. ಫೋನ್ ಜೇಬಿನಲ್ಲಿದ್ದರೂ ಆ್ಯಪ್‌ಗಳು ತಾವೇ ಅಪ್‌ಡೇಟ್ ಆಗ್ತವೆ, ಫೋಟೊ ತಾವೇ ಬ್ಯಾಕಪ್ ಆಗ್ತವೆ. ಪ್ರೀಪೇಯ್ಡ್ ಆದರೆ ಬ್ಯಾಲೆನ್ಸ್ ಮುಗಿದು ನಿಲ್ಲುತ್ತೆ. ಪೋಸ್ಟ್‌ಪೇಯ್ಡ್ ಆದರೆ ಬಿಲ್ ಕೈಗೆ ಬಂದಾಗಲೇ ಗೊತ್ತಾಗೋದು.

ಹೀಗಾಗಿ ಎರಡು ಸ್ವಿಚ್ಚುಗಳ ವ್ಯತ್ಯಾಸ ತಿಳಿದಿರಬೇಕು.

ಒಂದು, ಕಂಪನಿ ಕಡೆಯಿಂದ ಆನ್ ಆಗುವ ಇಂಟರ್‌ನ್ಯಾಷನಲ್ ರೋಮಿಂಗ್ ಸೇವೆ. ಇದು ಆನ್ ಇದ್ದರೆ ಮಾತ್ರ ಹೊರದೇಶದಲ್ಲಿ ನಮ್ಮ ಸಿಮ್‌ಗೆ ಸಿಗ್ನಲ್ ಬರುತ್ತೆ.

ಇನ್ನೊಂದು, ನಿಮ್ಮ ಫೋನ್‌ನ ಸೆಟ್ಟಿಂಗ್ಸ್‌ನಲ್ಲಿರುವ ಡೇಟಾ ರೋಮಿಂಗ್. ಇದು ಆನ್ ಇದ್ದರೆ ನಮ್ಮ ಸಿಮ್ ಅಲ್ಲಿ ಇಂಟರ್ನೆಟ್ ಎಳೆಯುತ್ತೆ.

ಮೊದಲನೆಯದು ಆನ್, ಎರಡನೆಯದು ಆಫ್. ಹೀಗಿಟ್ಟರೆ ಒಟಿಪಿ ಬರುತ್ತೆ, ಡೇಟಾ ಬಿಲ್ ಬರಲ್ಲ. ಹೊರದೇಶದಲ್ಲಿದ್ದಾಗ ಒಳಬರುವ ಎಸ್ಸೆಮ್ಮೆಸ್‌ಗೆ ನಮ್ಮ ಕಂಪನಿಗಳು ಸಾಮಾನ್ಯವಾಗಿ ದುಡ್ಡು ಹಿಡಿಯುವುದಿಲ್ಲ. ನಿಮ್ಮ ಪ್ಲಾನ್‌ನಲ್ಲಿ ಹಾಗೇ ಇದೆಯಾ ಅಂತ ಹೊರಡುವ ಮೊದಲು ಒಂದು ಮಾತು ಕೇಳಿ. ಇಂಟರ್ನೆಟ್‌ಗೆ ಅಲ್ಲಿನ ಸಿಮ್ ಅಥವಾ ಮನೆಯ ವೈಫೈ ಬಳಸಿ.

ನಂಬರ್ ಕೈ ತಪ್ಪಿದರೆ?

ಸಿಮ್ ಮನೇಲಿಟ್ಟು ಆರು ತಿಂಗಳು ಹೋದವರಿಗೆ ಕಾದಿರುವ ತೊಂದರೆ ಇದು. ರೀಚಾರ್ಜ್ ಅವಧಿ ಮುಗಿದ ಮೇಲೆ ಮೊದಲು ಹೊರಹೋಗುವ ಕರೆ, ಆಮೇಲೆ ಒಳಬರುವ ಸೇವೆಯೂ ನಿಲ್ಲುತ್ತೆ. ಟ್ರಾಯ್ ನಿಯಮದ ಪ್ರಕಾರ ಪ್ರೀಪೇಯ್ಡ್ ಸಿಮ್ 90 ದಿನ ಏನೂ ಬಳಕೆಯಾಗದೆ, ಖಾತೆಯಲ್ಲಿ 20 ರೂಪಾಯಿಯೂ ಇಲ್ಲದಿದ್ದರೆ ಕಂಪನಿ ಅದನ್ನು ಬಂದ್ ಮಾಡಬಹುದು. ಬಂದ್ ಆದ ನಂಬರನ್ನು ಕನಿಷ್ಠ 90 ದಿನ ಬಿಟ್ಟು ಬೇರೆಯವರಿಗೆ ಕೊಡಬಹುದು.

ಆಮೇಲೆ ನಿಮ್ಮ ಬ್ಯಾಂಕಿನ ಮೆಸೇಜ್ ಯಾರ ಫೋನಿಗೆ ಹೋಗುತ್ತೆ, ಯೋಚನೆ ಮಾಡಿ. ಈ ಅಪಾಯಕ್ಕಾಗಿಯೇ ಎನ್‌ಪಿಸಿಐ 2025ರ ಏಪ್ರಿಲ್‌ನಿಂದ, ಬಂದ್ ಆದ ಮತ್ತು ಬೇರೆಯವರಿಗೆ ಹಂಚಿಕೆಯಾದ ನಂಬರುಗಳನ್ನು ಯುಪಿಐನಿಂದ ತೆಗೆಯಲು ಬ್ಯಾಂಕುಗಳಿಗೆ ಹೇಳಿದೆ. ಅಂದರೆ ಸಿಮ್ ಸತ್ತರೆ ಯುಪಿಐ ಕೂಡ ಹೋಗುತ್ತೆ. ವಾಪಸ್ ಬಂದ ಮೇಲೆ ಬ್ಯಾಂಕು, ಆಧಾರ್ ಕೇಂದ್ರ, ಗ್ಯಾಸ್ ಏಜೆನ್ಸಿ ಅಂತ ಅಲೆದು ಒಂದೊಂದಾಗಿ ನಂಬರ್ ಬದಲಾಯಿಸಿಕೊಳ್ಳಬೇಕು.

ತಡೆಯಲು ಖರ್ಚು ಜಾಸ್ತಿ ಇಲ್ಲ. 2024ರ ಡಿಸೆಂಬರ್‌ನಲ್ಲಿ ಟ್ರಾಯ್, ಡೇಟಾ ಬೇಡದವರಿಗೆ ಬರೀ ಕರೆ ಮತ್ತು ಎಸ್ಸೆಮ್ಮೆಸ್ ಇರುವ ಪ್ಯಾಕ್ ಕೊಡಲೇಬೇಕು ಅಂತ ನಿಯಮ ತಂದಿತು. ಇಂಥ ಪ್ಯಾಕ್‌ಗಳ ಅವಧಿಯ ಮಿತಿಯನ್ನು 90 ದಿನದಿಂದ 365 ದಿನಕ್ಕೆ ಏರಿಸಿತು. ಹೊರದೇಶಕ್ಕೆ ತಿಂಗಳುಗಟ್ಟಲೆ ಹೋಗುವವರಿಗೆ ಇದು ಸರಿಯಾಗಿ ಹೊಂದುತ್ತೆ. ಹೋದ ಮೇಲೆ ಅವಧಿ ಮುಗಿದರೆ ಮನೆಯವರು ಇಲ್ಲಿನ ಅಂಗಡಿಯಲ್ಲೇ ರೀಚಾರ್ಜ್ ಮಾಡಿಸಬಹುದು.

ವಾಟ್ಸಾಪ್‌ಗೂ ಸಿಮ್ ಬೇಕು ಅನ್ನುವ ಹೊಸ ಸೂಚನೆ

"ಸಿಮ್ ಇಲ್ಲದಿದ್ದರೂ ವೈಫೈನಲ್ಲಿ ವಾಟ್ಸಾಪ್ ಓಡುತ್ತಲ್ಲ" ಅನ್ನುವವರು ಈ ವಿಷಯ ಗಮನಿಸಬೇಕು. 2025ರ ನವೆಂಬರ್ 28ರಂದು ಕೇಂದ್ರ ದೂರಸಂಪರ್ಕ ಇಲಾಖೆ ವಾಟ್ಸಾಪ್, ಟೆಲಿಗ್ರಾಂ, ಸಿಗ್ನಲ್‌ನಂಥ ಆ್ಯಪ್‌ಗಳಿಗೆ ಒಂದು ಸೂಚನೆ ಕೊಟ್ಟಿತು. ನೋಂದಣಿಯಾದ ಸಿಮ್ ಫೋನ್‌ನಲ್ಲಿ ಇದ್ದರೆ ಮಾತ್ರ ಆ್ಯಪ್ ನಡೆಯುವಂತೆ ಮಾಡಬೇಕು, ಅದಕ್ಕೆ 90 ದಿನ ಕಾಲಾವಕಾಶ ಅಂತ. ಭಾರತದ ನಂಬರ್ ಇಟ್ಟುಕೊಂಡು ಹೊರದೇಶದಲ್ಲಿ ಕೂತು ಜನರನ್ನು ವಂಚಿಸುವವರನ್ನು ತಡೆಯಲು ಈ ಕ್ರಮ ಅಂತ ಸರ್ಕಾರ ಹೇಳಿದೆ.

ವಂಚಕರಿಗೆ ಹಾಕಿದ ಬೇಲಿ ಸಾಮಾನ್ಯರ ಕಾಲಿಗೂ ತಾಗುತ್ತೆ. ಸಿಮ್ ಫೋನ್‌ನಲ್ಲೇ ಇದ್ದು ರೋಮಿಂಗ್‌ನಲ್ಲಿರುವವರಿಗೆ ತೊಂದರೆ ಇಲ್ಲ ಅಂತ ಇಲಾಖೆ ಸ್ಪಷ್ಟನೆ ಕೊಟ್ಟಿದೆ. ತೊಂದರೆ ಇರುವುದು ಸಿಮ್ ಬಿಚ್ಚಿಟ್ಟು ಹೋದವರಿಗೆ. ಸೂಚನೆ ಎಷ್ಟು ಬಿಗಿಯಾಗಿ ಜಾರಿಯಾದರೂ ದಾರಿ ಯಾವ ಕಡೆ ಹೋಗ್ತಿದೆ ಅನ್ನೋದು ಸ್ಪಷ್ಟ. ಯುಪಿಐ ಆ್ಯಪ್‌ಗಳು ಮೊದಲಿಂದಲೂ ಸಿಮ್ ಮತ್ತು ಫೋನ್ ಎರಡನ್ನೂ ಕಟ್ಟಿ ಇಟ್ಟಿವೆ. ಈಗ ಮಾತಾಡುವ ಆ್ಯಪ್‌ಗಳೂ ಅದೇ ದಾರಿಗೆ ಬರುತ್ತಿವೆ.

ಅಂಗಡಿಯವರು ಮಾಡಬೇಕಾದ್ದು

ಮಂಡಿ, ಹೋಟೆಲ್, ಬಟ್ಟೆ ಅಂಗಡಿ ನಡೆಸುವವರಿಗೆ ಒಂದು ಪೇಚು ಇದೆ. ಕ್ಯೂಆರ್ ಕೋಡ್‌ಗೆ ಕೊಟ್ಟಿರುವುದು ಸ್ವಂತ ನಂಬರ್. ಗಿರಾಕಿಗಳು ಆರ್ಡರ್ ಹಾಕುವುದೂ ಅದೇ ವಾಟ್ಸಾಪ್‌ಗೆ. ಮಾಲೀಕರು ಹೊರದೇಶಕ್ಕೆ ಹೋದರೆ ಸಿಮ್ ಜೊತೆಗೆ ಒಯ್ಯಬೇಕಾ, ಅಂಗಡಿ ನೋಡಿಕೊಳ್ಳುವವರ ಕೈಗೆ ಕೊಡಬೇಕಾ?

ಕೊಟ್ಟರೆ ಒಟಿಪಿ ಅವರ ಕೈಯಲ್ಲಿ, ನಿಮ್ಮ ಬ್ಯಾಂಕ್ ಖಾತೆ ನಿಮ್ಮ ಕೈ ತಪ್ಪಿದಂತೆ. ಒಯ್ದರೆ ಗಿರಾಕಿಗಳ ಕಾಲ್‌ಗೆ ರೋಮಿಂಗ್ ದರ. ಇದಕ್ಕೆ ಪರಿಹಾರ ವ್ಯಾಪಾರಕ್ಕೆ ಒಂದು ನಂಬರ್, ಬ್ಯಾಂಕು ಮತ್ತು ಮನೆಗೆ ಇನ್ನೊಂದು ನಂಬರ್. ಹೊರಡುವ ತಿಂಗಳ ಮುಂಚೆಯೇ ಬೇರೆ ಮಾಡಿಕೊಂಡರೆ ಗಿರಾಕಿಗಳಿಗೂ ಅಭ್ಯಾಸ ಆಗುತ್ತೆ. ದುಡ್ಡು ಬಂದಿದ್ದನ್ನು ಕೂಗಿ ಹೇಳುವ ಸೌಂಡ್‌ಬಾಕ್ಸ್ ನಿಮ್ಮ ಫೋನನ್ನು ನೆಚ್ಚಿಕೊಂಡಿಲ್ಲ, ಅದರೊಳಗೆ ಬೇರೆ ಸಿಮ್ ಇರುತ್ತೆ. ನೀವಿಲ್ಲದಿದ್ದರೂ ಅದು ನಡೆಯುತ್ತೆ.

ಇನ್ನೊಂದು ಎಚ್ಚರಿಕೆ. ಯುಪಿಐ ಆ್ಯಪ್ ಹೊಸದಾಗಿ ನೋಂದಾಯಿಸುವಾಗ ನಿಮ್ಮ ಸಿಮ್‌ನಿಂದ ಒಂದು ಎಸ್ಸೆಮ್ಮೆಸ್ ಹೊರಗೆ ಹೋಗಬೇಕು. ಹೊರದೇಶದಿಂದ ಅದಕ್ಕೆ ದುಡ್ಡು ಬೀಳುತ್ತೆ, ಕೆಲವೊಮ್ಮೆ ಹೋಗುವುದೂ ಇಲ್ಲ. ಹಾಗಾಗಿ ಅಲ್ಲಿಗೆ ಹೋದ ಮೇಲೆ ಫೋನ್ ಬದಲಿಸಬೇಡಿ, ಆ್ಯಪ್ ತೆಗೆದು ಮತ್ತೆ ಹಾಕಬೇಡಿ.

ಯಾರಿಗೆ ಯಾವ ದಾರಿ?

*ಉಮ್ರಾ, ಹಜ್ ಯಾತ್ರಿಕರು:* ಹೋಟೆಲಿನ ವೈಫೈ ನಂಬಿ ಹೋದರೆ ಸಾಲದು. ಜನಸಂದಣಿಯಲ್ಲಿ ಜೊತೆಯವರು ತಪ್ಪಿಹೋದಾಗ ಕೈಯಲ್ಲಿ ನೆಟ್ ಬೇಕು. ಮದೀನಾದಲ್ಲಿ ರೌಝಾ ಭೇಟಿಗೆ ನುಸುಕ್ ಆ್ಯಪ್‌ನಲ್ಲೇ ಅನುಮತಿ ಪಡೆಯಬೇಕು. ಅಲ್ಲಿನ ಸಿಮ್ ಕೊಳ್ಳಲು ಪಾಸ್‌ಪೋರ್ಟ್ ಮತ್ತು ಬೆರಳಚ್ಚು ಬೇಕು, ಹಾಗಾಗಿ ಪ್ರತಿಯೊಬ್ಬರೂ ಸ್ವತಃ ಅಂಗಡಿಗೆ ಹೋಗಬೇಕಾಗುತ್ತೆ. ವಯಸ್ಸಾದವರಿಗೆ ಇದು ಕಷ್ಟ ಅನ್ನಿಸಿದರೆ ಅವರಿಗೆ ಇಲ್ಲಿಂದಲೇ ರೋಮಿಂಗ್ ಪ್ಯಾಕ್ ಹಾಕಿಸಿ, ಉಳಿದವರು ಅಲ್ಲಿನ ಸಿಮ್ ತೆಗೆದುಕೊಳ್ಳಬಹುದು.

*ಕೊಲ್ಲಿಗೆ ಕೆಲಸಕ್ಕೆ ಹೋಗುವವರು:* ಅಲ್ಲಿನ ಸಿಮ್ ಅನಿವಾರ್ಯ. ಊರಿನ ಸಿಮ್ ಎರಡನೇ ಜಾಗದಲ್ಲಿರಲಿ. ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆ ಇದ್ದವರು ವಿದೇಶಿ ನಂಬರಿನಲ್ಲೇ ಯುಪಿಐ ಬಳಸಲು 2023ರ ಜನವರಿಯಲ್ಲಿ ಎನ್‌ಪಿಸಿಐ ಅವಕಾಶ ಕೊಟ್ಟಿತು. ಮೊದಲ ಹತ್ತು ದೇಶಗಳ ಪಟ್ಟಿಯಲ್ಲೇ ಸೌದಿ, ಯುಎಇ, ಕತಾರ್, ಒಮಾನ್ ಇದ್ದವು. ನಿಮ್ಮ ಬ್ಯಾಂಕ್ ಈ ಸೌಲಭ್ಯ ಕೊಡುತ್ತಾ ಕೇಳಿ. ದುಬೈಗೆ ಹೋಗುವವರ ಮನೆಯವರಿಗೂ ಒಂದು ಮಾತು: ಅಲ್ಲಿ ವಾಟ್ಸಾಪ್ ಮೆಸೇಜ್ ಹೋಗುತ್ತೆ, ವಾಟ್ಸಾಪ್ ಕಾಲ್‌ಗೆ ತಡೆ ಇದೆ. ಬೊಟಿಮ್‌ನಂಥ ಒಪ್ಪಿಗೆ ಪಡೆದ ಆ್ಯಪ್ ಎರಡೂ ಕಡೆ ಹಾಕಿಕೊಳ್ಳಬೇಕು.

*ಅಮೆರಿಕದಲ್ಲಿ ಮಕ್ಕಳ ಮನೆಗೆ ಹೋಗುವ ತಂದೆ-ತಾಯಿ:* ಮನೆಯಲ್ಲಿ ವೈಫೈ ಇರುತ್ತೆ, ರೋಮಿಂಗ್ ಡೇಟಾ ಬೇಡ. ಹುಷಾರಾಗಿರಬೇಕಾದ್ದು ಮಕ್ಕಳು ಪ್ರೀತಿಯಿಂದ ಕೊಡಿಸುವ ಐಫೋನ್ ಬಗ್ಗೆ. ಅಮೆರಿಕದಲ್ಲಿ ಮಾರುವ ಐಫೋನ್‌ಗಳಲ್ಲಿ ಐಫೋನ್ 14ರಿಂದ ಈಚೆಗೆ ಸಿಮ್ ಹಾಕುವ ಜಾಗವೇ ಇಲ್ಲ, ಬರೀ ಇ-ಸಿಮ್. ಫೋನ್ ನಮ್ಮ ನರಸಾಪುರದ ಕಾರ್ಖಾನೆಯಿಂದಲೇ ಹೋಗಿರಬಹುದು, ಆದರೂ ಅದರಲ್ಲಿ ನಿಮ್ಮ ಕೋಲಾರದ ಸಿಮ್ ಕೂರಲ್ಲ. ಹಳೇ ಫೋನಿನಲ್ಲೇ ಊರಿನ ಸಿಮ್ ಇಟ್ಟುಕೊಳ್ಳಿ, ಇಲ್ಲವೇ ಹೊರಡುವ ಮೊದಲೇ ಇಲ್ಲಿ ಅದನ್ನು ಇ-ಸಿಮ್ ಮಾಡಿಸಿಕೊಳ್ಳಿ.

*ವಾರದೊಳಗೆ ಬರುವವರು:* ಇವರಿಗೆ ರೋಮಿಂಗ್ ಪ್ಯಾಕ್ ಸರಿ. ಕೊಳ್ಳುವ ಮೊದಲು ಮೂರು ವಿಷಯ ನೋಡಿ. ಪ್ಯಾಕ್‌ನ ದೇಶಗಳ ಪಟ್ಟಿಯಲ್ಲಿ ನಿಮ್ಮ ದೇಶ ಇದೆಯಾ? ಒಂದು ದಿನ ಅಂದರೆ 24 ಗಂಟೆಯಾ, ರಾತ್ರಿ 12ಕ್ಕೆ ಮುಗಿಯುತ್ತಾ? ಒಳಬರುವ ಕರೆ ಎಷ್ಟು ನಿಮಿಷ ಉಚಿತ? ದುಬೈ, ದೋಹಾದಲ್ಲಿ ವಿಮಾನ ಬದಲಿಸುವವರು ಅಲ್ಲಿ ಫೋನ್ ಏರೋಪ್ಲೇನ್ ಮೋಡ್‌ನಲ್ಲೇ ಇಡಿ, ಇಲ್ಲದಿದ್ದರೆ ಪ್ಯಾಕ್ ಅಲ್ಲೇ ಶುರುವಾಗಬಹುದು. ವಿಮಾನದೊಳಗಿನ ಮೊಬೈಲ್ ನೆಟ್‌ವರ್ಕ್ ಬೇರೆಯೇ ಲೆಕ್ಕ, ಅದು ಮಾಮೂಲಿ ಪ್ಯಾಕ್‌ನಲ್ಲಿ ಸೇರಿರುವುದಿಲ್ಲ.

ಹೊರಡುವ ವಾರ ಇಷ್ಟು ಮಾಡಿ

- ಇಂಟರ್‌ನ್ಯಾಷನಲ್ ರೋಮಿಂಗ್ ಸೇವೆ ಆನ್ ಆಗಿದೆಯಾ ಅಂತ ಕಂಪನಿ ಆ್ಯಪ್‌ನಲ್ಲಿ ಅಥವಾ ಸ್ಟೋರ್‌ನಲ್ಲಿ ಖಚಿತ ಮಾಡ್ಕೊಳ್ಳಿ.
- ವಾಪಸ್ ಬರುವ ದಿನ ದಾಟುವಷ್ಟು ದಿನದ ರೀಚಾರ್ಜ್ ಹಾಕಿಸಿ.
- ಫೋನ್‌ನಲ್ಲಿ ಡೇಟಾ ರೋಮಿಂಗ್ ಆಫ್ ಮಾಡಿ. ವಾಟ್ಸಾಪ್‌ನಲ್ಲಿ ಫೋಟೊ, ವಿಡಿಯೊ ತಾನಾಗೇ ಡೌನ್‌ಲೋಡ್ ಆಗುವುದನ್ನೂ ನಿಲ್ಲಿಸಿ.
- ಮಾಮೂಲಿ ಕಾಲ್ ಬೇಡ, ವಾಟ್ಸಾಪ್‌ಗೇ ಮೆಸೇಜ್ ಹಾಕಿ ಅಂತ ನೆಂಟರಿಗೆ, ಗಿರಾಕಿಗಳಿಗೆ ಹೇಳಿ.
- ಫೋನ್‌ಗೆ ಎರಡು ಸಿಮ್ ಜಾಗ ಇದೆಯಾ, ಇ-ಸಿಮ್ ನಡೆಯುತ್ತಾ ನೋಡಿ. ಇಲ್ಲದಿದ್ದರೆ ಹಳೇ ಫೋನ್ ಒಂದು ಬ್ಯಾಗಿನಲ್ಲಿರಲಿ.

ಇವಿಷ್ಟಕ್ಕೆ ಅರ್ಧ ಗಂಟೆ ಸಾಕು. ಮನೆಯಲ್ಲಿ ಹಿರಿಯರು ಹೊರಡುತ್ತಿದ್ದರೆ ಮಕ್ಕಳೇ ಕೂತು ಮಾಡಿಕೊಡಿ. ಡೇಟಾ ರೋಮಿಂಗ್ ಸ್ವಿಚ್ ಎಲ್ಲಿದೆ ಅಂತ ಅವರ ಕೈಯಲ್ಲೇ ಒಂದು ಸಲ ಒತ್ತಿಸಿ ತೋರಿಸಿ.